ಚೆಂಡು ಬರುವ ಮುನ್ನ ನೋಡುವುದು

ಬೀರೂರು
೧೦ ಜುಲೈ ೨೦೨೫, ಗುರುವಾರ

ಪ್ರೀತಿಯ ಅಪ್ಪಾಜಿ,

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೇ? ಹುಬ್ಬಳ್ಳಿಯ ಮೆಸ್ಸಿನ ಊಟ ಒಗ್ಗಿತೋ, ಇಲ್ಲ ಬರೀ ಟೀ ಕುಡಿದೇ ಹೊಟ್ಟೆ ತುಂಬಿಸುತ್ತಿದ್ದೀರೋ? ಫೋನ್ ಮಾಡಿದರೆ ‘ಆಮೇಲ್ ಮಾತಾಡ್ತೀನಿ ಕಣಮ್ಮ’ ಎಂದು ಇಟ್ಟುಬಿಡುತ್ತೀರಿ. ಕಾಗದವಾದರೆ ಕೊನೆಯವರೆಗೆ ಓದಲೇಬೇಕಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮ ಆರೋಗ್ಯವಾಗಿದ್ದಾಳೆ, ನಿಮ್ಮ ಮೇಲಿನ ಅವಳ ಸಿಟ್ಟೂ ಅಷ್ಟೇ ಆರೋಗ್ಯವಾಗಿದೆ. ಕಣ್ಣಿನ ಪರೀಕ್ಷೆಯಲ್ಲಿ ನಪಾಸಾದಿರೆಂದು ನಿಮ್ಮನ್ನು ರೈಲಿನ ಇಂಜಿನ್ನಿನಿಂದ ಇಳಿಸಿ ಮೇಜಿನ ಮುಂದೆ ಕೂರಿಸಿ ಮೂರು ತಿಂಗಳಾಯಿತು. ಈ ಮೂರು ತಿಂಗಳಲ್ಲಿ ಒಂದು ಸಲವೂ ನೀವು ಮನೆಗೆ ಬಂದಿಲ್ಲ.

ಈಗ ನನ್ನ ಸುದ್ದಿ. ಹೋದ ಭಾನುವಾರ ತರೀಕೆರೆಯಲ್ಲಿ ಜಿಲ್ಲಾ ಫುಟ್ಸಾಲ್ ತಂಡದ ಮೊದಲ ಆಯ್ಕೆ ನಡೆಯಿತು. ಅದೇ, ಸೂರಿನಡಿ ಐದೈದು ಜನ ಆಡುವ ಫುಟ್‌ಬಾಲ್. ಅಲ್ಲಿ ನನ್ನ ಮಾನ ಹೋಯಿತು. ಮೂರು ವರ್ಷದಿಂದ ಆಷಾಢ, ಧನುರ್ಮಾಸ ಎಂದು ಮುಹೂರ್ತವಿಲ್ಲದ ದಿನಗಳಲ್ಲೆಲ್ಲ ದೇವೀರಪ್ಪನವರು ಕಲ್ಯಾಣ ಮಂಟಪದ ಬೀಗದ ಕೈ ಕೊಡುತ್ತಾರೆ, ನಾವು ಅಲ್ಲೇ ಆಡುವುದು. ಧಾರೆ ಎರೆಯುವ ಜಾಗದ ಎರಡು ಕಂಬಗಳೇ ನಮ್ಮ ಗೋಲು. ಎಡಗಂಬದ ಮೇಲೆ ಕೆಂಪು ಬಣ್ಣದಲ್ಲಿ ಒಂದು ಕಲಶ ಬರೆದಿದೆ. ಚೆಂಡು ಕಾಲಿಗೆ ಸಿಕ್ಕೊಡನೆ ತಲೆಯೆತ್ತಿ ಕಲಶ ನೋಡುವುದು, ಅದರ ಬುಡಕ್ಕೆ ಒದೆಯುವುದು. ನನ್ನ ವಿದ್ಯೆಯೆಲ್ಲ ಇಷ್ಟೇ ಎಂದು ತರೀಕೆರೆಯಲ್ಲಿ ತಿಳಿಯಿತು. ಮೂರು ಸಲ ಚೆಂಡು ಬಂತು, ಮೂರು ಸಲವೂ ಅಲ್ಲಿಲ್ಲದ ಕಲಶವನ್ನು ನನ್ನ ಕಣ್ಣು ಹುಡುಕಿತು, ಅಷ್ಟರಲ್ಲಿ ಚೆಂಡು ಬೇರೆಯವರ ಪಾಲಾಗಿತ್ತು. ನಮ್ಮ ತರಬೇತುದಾರ ಶಾಹಬಾಜ್ ಸರ್ ಎಲ್ಲರೆದುರಿಗೆ ‘ಏನ್ ಹುಡುಕ್ತಿದ್ಯಮ್ಮ ಅಲ್ಲಿ, ಓಲೆ ಬಿದ್ದೋಯ್ತಾ?’ ಎಂದು ಕೂಗಿದರು. ಬೀರೂರು ಬರುವವರೆಗೂ ಬಸ್ಸಿನಲ್ಲಿ ಅತ್ತೆ.

ಮರುದಿನ ಸರ್ ಕೂರಿಸಿಕೊಂಡು ಹೇಳಿದರು: ‘ಚೆಂಡು ಬರೋಕ್ ಮುಂಚೆ ನೋಡ್ಬೇಕು. ಬಂದ್ಮೇಲೆ ನೋಡೋಕೆ ಟೈಮೆಲ್ಲಿದೆ?’ ನನಗೆ ನೀವು ನೆನಪಾದಿರಿ. ಬೀರೂರು ಪ್ಲಾಟ್‌ಫಾರಂನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ‘ಸಿಗ್ನಲ್ ಹತ್ರ ಬಂದ್ಮೇಲೆ ನೋಡೋನು ಡ್ರೈವರ್ ಅಲ್ಲ ಕಣಮ್ಮ’ ಎನ್ನುತ್ತಿದ್ದಿರಲ್ಲ, ಅದೇ ಮಾತು. ಅಂದೇ ಕಂಬಕ್ಕೆ ನಿಮ್ಮ ಹಳೇ ಪಂಚೆ ಸುತ್ತಿ ಕಲಶ ಮುಚ್ಚಿದೆ. ದೇವೀರಪ್ಪನವರು ‘ಆಷಾಢದಲ್ಲಿ ಕಲಶಕ್ಕೂ ಮಡಿ ಉಡಿಸಿದ್ಯಾ?’ ಎಂದು ರೇಗಿದರು, ಬಿಚ್ಚಲಿಲ್ಲ. ಈಗ ಚೆಂಡು ಗೆಳತಿಯ ಕಾಲಲ್ಲಿರುವಾಗಲೇ ಗೋಲಿನಲ್ಲಿ ನಿಂತ ಮಹೆಕ್‌ಳ ಕಾಲು ನೋಡುತ್ತೇನೆ. ಅವಳು ಯಾವ ಕಾಲಿನ ಮೇಲೆ ಭಾರ ಹಾಕಿದ್ದಾಳೋ, ಅದರ ಇನ್ನೊಂದು ಬದಿಗೆ ಥಟ್ಟನೆ ಹಾರಲಾರಳು. ಜಾಗ ಕಂಡರೆ ಕಣ್ಣನ್ನು ಚೆಂಡಿಗೆ ತಂದು ಒದೆಯುವುದು, ಕಾಣದಿದ್ದರೆ ಸುಮ್ಮನೆ ಪಾಸ್ ಕೊಡುವುದು. ನೀವು ನಿಮ್ಮ ಸಹಾಯಕರಿಗೆ ಸಿಗ್ನಲ್ ಕೂಗಿ ಹೇಳುತ್ತಿದ್ದ ಹಾಗೆ ನಾನೂ ‘ಎಡ ಖಾಲಿ!’ ಎಂದು ಕೂಗಿದೆ. ‘ಲೇ, ಬಾಯ್ಬಿಟ್ಟು ಹೇಳಿದ್ರೆ ನಾನ್ ಹಿಡ್ಕಳಲ್ವೇನೇ?’ ಎಂದು ಮಹೆಕ್ ಬಿದ್ದು ಬಿದ್ದು ನಕ್ಕಳು. ಈಗ ಮನಸ್ಸಿನಲ್ಲೇ ಕೂಗುತ್ತೇನೆ. ನಿನ್ನೆ ಹತ್ತರಲ್ಲಿ ಆರು ಗೋಲು. ಇಪ್ಪತ್ತನೇ ತಾರೀಕು ಕಡೂರಿನಲ್ಲಿ ಕೊನೆಯ ಆಯ್ಕೆ, ಮೊದಲ ಸಲ ತಪ್ಪಿದವರಿಗೂ ಅವಕಾಶವಿದೆ. ಈ ಸಲ ತಂಡಕ್ಕೆ ಸೇರಿಯೇ ಸೇರುತ್ತೇನೆ.

ಅಪ್ಪಾಜಿ, ಊರವರ ಮುಖ ನೋಡಲು ನಾಚಿಕೆಯೆಂದು ನೀವು ಬರುತ್ತಿಲ್ಲ, ನನಗೆ ಗೊತ್ತು. ಇಪ್ಪತ್ತಾರು ವರ್ಷ ಸಾವಿರಾರು ಜನರನ್ನು ಕ್ಷೇಮವಾಗಿ ಊರು ಮುಟ್ಟಿಸಿದ ಕಣ್ಣು ಅವು. ನನಗೆ ಅವುಗಳ ಮೇಲೆ ಹೆಮ್ಮೆ. ನಿಮಗೂ ಇರಲಿ.

ಮಹೆಕ್ ಸಲಾಂ ಹೇಳಿದ್ದಾಳೆ. ಅಮ್ಮನ ಸಿಟ್ಟು ಇನ್ನೂ ಇಳಿದಿಲ್ಲ, ಆದರೆ ಸ್ಟಾಂಪು ಅವಳೇ ಅಂಟಿಸುತ್ತಾಳಂತೆ. ನಿಮ್ಮ ಪಾದ ಮುಟ್ಟಿ ನಮಸ್ಕಾರ.

ನಿಮ್ಮ ಮಗಳು,
ಪ್ರಜ್ಞಾ

ವಿ.ಸೂ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಕಡೂರಿನ ಆಯ್ಕೆಯ ಫಾರಂಗೆ ತಂದೆ ಅಥವಾ ತಾಯಿಯ ಸಹಿ ಬೇಕು, ಶುಕ್ರವಾರ ಹದಿನೆಂಟು ಕಡೆಯ ದಿನ. ಅಮ್ಮ ಪೆನ್ನು ಹಿಡಿದು ಬಂದಳು, ನಾನು ಫಾರಂ ಕೊಡಲಿಲ್ಲ. ಲಕೋಟೆ ಕೊಡವಿ ನೋಡಬೇಡಿ, ಅದರಲ್ಲೂ ಇಟ್ಟಿಲ್ಲ. ಫಾರಂ ಮನೆಯಲ್ಲಿದೆ. ನೀವು ಬಂದು ಸಹಿ ಹಾಕಿದರೆ ಆಡುತ್ತೇನೆ, ಇಲ್ಲದಿದ್ದರೆ ಇಲ್ಲ.