ಅವ್ವನ ಮಣಿ, ನನ್ನ ಕಿವಿಯ ಹಿಂದೆ

ರಾಣೆಬೆನ್ನೂರು,
ಬಿಸಿಲುಗಾಲದ ಎಪ್ಪತ್ತೊಂದನೆಯ ದಿನ, ೨೧೦೯

ಮುತ್ತಜ್ಜಿಯ ತಾಯಿ ನೀಲಗಂಗಮ್ಮನವರಿಗೆ, ನಿಮ್ಮ ಮರಿಮೊಮ್ಮಗಳ ಮಗಳು ತೆನೆಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ತಿಂಗಳುಗಳಿಲ್ಲ, ಕಾಲಗಳಷ್ಟೇ ಇವೆ. ಕೆಲವು ಪದಗಳು ವಿಚಿತ್ರವೆನಿಸಿದರೆ ಮನ್ನಿಸಿ. ನಾನು ಸಾಹಿತ್ಯ ಓದಿದವಳು, ಎದುರು ನಿಂತು ಮಾತಾಡಲು ಬಾರದವಳು. ಅದಕ್ಕೇ ಎಂದೂ ಎದುರಾಗದ ನಿಮಗೆ ಬರೆಯುತ್ತಿದ್ದೇನೆ.

ಈಗ ನಲವತ್ತೈದು ದಾಟಿದ ಹೆಂಗಸರು ಕಿವಿಯ ಹಿಂದೆ ನೆತ್ತರುಮಣಿ ಅಂಟಿಸಿಕೊಳ್ಳುತ್ತಾರೆ. ಜೋಳದ ಕಾಳಿನಷ್ಟಿರುವ ಅದು ರಕ್ತದ ಸಕ್ಕರೆ, ಕೊಬ್ಬು ಎಲ್ಲವನ್ನೂ ಓದುತ್ತದೆ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜೆನ್ ಇಳಿಯುತ್ತದೆ, ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ, ಸೊಂಟದ ಕೊಬ್ಬು ಹೊಟ್ಟೆಗೆ ಬರುತ್ತದೆ, ಇನ್ಸುಲಿನ್ನಿನ ಮಾತನ್ನು ಮೈ ಮೊದಲಿನಂತೆ ಕೇಳುವುದಿಲ್ಲ. ಊಟ ಬದಲಾಗದಿದ್ದರೂ ಹೀಗಾಗಬಹುದು; ಇದರಲ್ಲಿ ಯಾರ ತಪ್ಪೂ ಇಲ್ಲ. ಕಾಲಕ್ಕೊಮ್ಮೆ ಓಣಿಗಿತ್ತಿ, ಅಂದರೆ ನಿಮ್ಮ ಕಾಲದ ಆಶಾ ಕಾರ್ಯಕರ್ತೆಯಂಥವಳು, ಮನೆಗೆ ಬಂದು ಮಣಿಯಲ್ಲಿನ ಕೊನೆಯ ಮೂರು ದಿನಗಳನ್ನು ನೋಡಿ ಔಷಧಿ, ಊಟ, ನಡಿಗೆ ಹೇಳಿ ಹೋಗುತ್ತಾಳೆ.

ಇದನ್ನೆಲ್ಲ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವವಳೇ ನನ್ನ ಅವ್ವ ಅಚಲಾ. ವಯಸ್ಸು ಐವತ್ತು. ಓಣಿಗಿತ್ತಿ ಬರಲು ಮೂರು ದಿನ ಇದೆ ಎನ್ನುವಾಗ ಅವಳು ತನ್ನ ಮಣಿ ಕಿತ್ತು ನನ್ನ ಕಿವಿಯ ಹಿಂದೆ ಅಂಟಿಸುತ್ತಾಳೆ. "ಹಾಕ್ಕೋವಾ, ನಿನ್ನ ಗಂಟೇನು ಹೋಗತೈತಿ?" ಓಣಿಗಿತ್ತಿ ಬರುವ ಹೊತ್ತಿಗೆ ಅದು ಮತ್ತೆ ಅವ್ವನ ಕಿವಿಯ ಹಿಂದೆ, ನಾನು ಬಾಗಿಲ ಮರೆಯಲ್ಲಿ. ಇಪ್ಪತ್ತಮೂರರ ನನ್ನ ರಕ್ತ ಓದಿ ಓಣಿಗಿತ್ತಿ, "ಟೀಚರ್, ನಿಮ್ಮದು ಹುಡುಗೀ ರಕ್ತ ಬಿಡ್ರಿ!" ಎನ್ನುತ್ತಾಳೆ. ಅವ್ವ ನಾಚಿಕೊಳ್ಳುತ್ತಾಳೆ, ನಾಚಿಕೊಳ್ಳುತ್ತಾಳೆ! ಆಮೇಲೆ ಗೆದ್ದವಳಂತೆ ಬೆಲ್ಲದ ಚಹಾ ಕುದಿಸುತ್ತಾಳೆ. ಈಚೆಗೆ ಅವಳು ನಾಲ್ಕು ಮೆಟ್ಟಿಲು ಹತ್ತಿ ಎದೆಯ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಾಳೆ. ಅದನ್ನು ಕಂಡವಳು ನಾನೊಬ್ಬಳೇ.

ಈ ಬುದ್ಧಿ ಎಲ್ಲಿಂದ ಬಂತೆಂದು ಮೊನ್ನೆ ಗೊತ್ತಾಯಿತು. ನೀವು ಮಗಳಿಗೆ ಕಳಿಸಿದ ಧ್ವನಿ ಸಂದೇಶಗಳು ಸಿಕ್ಕವು. "ನಾಳೆ ರಕ್ತ ಕೊಡಾಕ ಹೊಂಟೀನಿ. ನಾಕು ದಿನದಿಂದ ಸಕ್ಕರಿ ಮುಟ್ಟಿಲ್ಲ ನೋಡು. ರಿಪೋರ್ಟ್ ಛಲೋ ಬರಬೇಕಲ್ಲ!" ಪರೀಕ್ಷೆಗೆ ಓದಿಕೊಂಡು ಹೋದವರ ಹಾಗೆ! ಆ ರಿಪೋರ್ಟೂ ಉಳಿದಿದೆ. ಬೆಳಗಿನ ಸಕ್ಕರೆ ನಿಮ್ಮ ಮಾತು ಕೇಳಿತ್ತು. ಮೂರು ತಿಂಗಳ ಸರಾಸರಿ ಸಕ್ಕರೆ ಕೇಳಿರಲಿಲ್ಲ, ಕೊಲೆಸ್ಟ್ರಾಲೂ ಕೇಳಿರಲಿಲ್ಲ. ಆ ಅಂಕಿಗಳ ಮೇಲೆ ಉಪ್ಪಿನಕಾಯಿ ಭರಣಿಯ ಎಣ್ಣೆಗುರುತು ದುಂಡಗೆ ಕೂತಿದೆ. ಅದಾಗಿ ಏಳು ವರ್ಷಕ್ಕೆ ನಿಮ್ಮ ಸಂದೇಶಗಳು ಇದ್ದಕ್ಕಿದ್ದಂತೆ ನಿಂತಿವೆ.

ದೊಡ್ಡವರಿಗೆ ಹೀಗೆ ಕೇಳಬಾರದು, ಆದರೂ ಕೇಳುತ್ತೇನೆ. ಯಾರನ್ನು ಮೆಚ್ಚಿಸಲು ಈ ಒಳ್ಳೆಯ ರಿಪೋರ್ಟು? ಮುಂದಿನ ಸಲ ದಿನಾ ಉಂಡಂತೆ ಉಂಡು, ಕುಡಿದಂತೆ ಕುಡಿದು, ನಿಮ್ಮಲ್ಲಿರುವ ರಕ್ತವನ್ನೇ ಕೊಟ್ಟು ಬನ್ನಿ. ಭರಣಿಯಡಿ ಬೇರೆ ಕಾಗದ ಹಾಕಿ.

ಓಣಿಗಿತ್ತಿ ಬರಲು ಇನ್ನು ಮೂರೇ ದಿನ. ಬೆಳಿಗ್ಗೆ ಅವ್ವ ಮಣಿ ಅಂಟಿಸಿದಾಗ "ಒಲ್ಲೆ" ಎನ್ನಲು ನನಗೆ ಬಾಯಿ ಬರಲಿಲ್ಲ. ಈಗ ಅದನ್ನು ಕಿತ್ತು ಬೆಲ್ಲದ ಡಬ್ಬಿಯೊಳಗೆ, ಬೆಲ್ಲದ ಮೇಲೆಯೇ ಇಟ್ಟಿದ್ದೇನೆ. ಶಾಲೆಯಿಂದ ಬಂದೊಡನೆ ಅವಳು ಕೈ ಹಾಕುವುದು ಅಲ್ಲಿಗೇ.

ಗೇಟು ತೆರೆದ ಸದ್ದಾಯಿತು. ಈ ಸಲ ನಾನು ಬಾಗಿಲ ಮರೆಗೆ ಹೋಗುವುದಿಲ್ಲ.

ನಿಮ್ಮ
ತೆನೆ