ಲೈಲ್‌ನ ಹೆಸರಿನ ಶೆಲ್ಲು

ಸೋಮವಾರ, ೧೧ ನವೆಂಬರ್ ೧೯೧೮. ಮ್ಯೂಸ್ ನದಿಯ ದಂಡೆ.

ಯುದ್ಧ ಮುಗಿಯಿತಂತೆ. ಯಾರದ್ದು ಮುಗಿಯಿತೋ!

ಬೆಳಿಗ್ಗೆ ಹನ್ನೊಂದಕ್ಕೆ ಗುಂಡು ನಿಲ್ಲಿಸಬೇಕೆಂದು ಆಜ್ಞೆ ಬಂತು. ನಾವು ಅಮೆರಿಕದವರು ಯುದ್ಧಕ್ಕೆ ಬಂದದ್ದೇ ಕಡೆಗೆ, ಕೊನೆಯ ಏಟಾದರೂ ನಮ್ಮದಾಗಲಿ ಅಂತ ಹುಡುಗರಿಗೆ ಹುಚ್ಚು. ಊರಿಗೆ ಹೋಗಿ ಎಲ್ಲರೂ ‘ನಾನೇ ಹೊಡೆದೆ’ ಅನ್ನಬೇಕಲ್ಲ, ಅದಕ್ಕೆ ಫಿರಂಗಿ ಹಾರಿಸುವ ದಾರಕ್ಕೆ ಉದ್ದನೆಯ ಹಗ್ಗ ಕಟ್ಟಿದರು. ಅಡುಗೆಯವನೂ ಸೇರಿ ಇಪ್ಪತ್ತು ಜನ ಹಿಡಿದು ನಿಂತರು.

ನನ್ನ ತೊಡೆಯ ಮೇಲೊಂದು ಶೆಲ್ಲು. ಅದರ ಮೇಲೆ ಸೀಮೆಸುಣ್ಣದಲ್ಲಿ ತಮ್ಮನ ಹೆಸರು. ಆರ್ಗಾನ್ ಕಾಡಲ್ಲಿ ಜರ್ಮನರು ಲೈಲ್‌ನನ್ನು ಕೊಂದು ಇವತ್ತಿಗೆ ಒಂಬತ್ತು ದಿನ.

“ತಾರೋ ಅದನ್ನ,” ಅಂದ ಸಾರ್ಜೆಂಟ್ ಹ್ಯಾಲೊರನ್. “ನಿನ್ನ ತಮ್ಮನ ಸೇಡು ಎಲ್ಲರೂ ಸೇರಿ ತೀರಿಸ್ಕೊಳ್ಳೋಣ.”

“ಇದಕ್ಕೆ ನಿಮ್ಯಾರ ಕೈಯೂ ಬೇಡ. ನಾನೊಬ್ನೇ ಎಳೀತೀನಿ. ನಿಮ್ಮ ಜಾತ್ರೆ ಮೊದ್ಲು ಮುಗಿಸ್ಕೊಳ್ಳಿ.”

ಬೇರೆ ಶೆಲ್ಲು ತುಂಬಿ ಎಳೆದರು, ಕುಣಿದರು. ಅವರೆಲ್ಲ ಹಿಡಿದ ಹಗ್ಗ ನನಗೆ ಬೇಡ, ಬರೀ ದಾರ ಸಾಕು ಅಂತ ಬಿಚ್ಚಲು ಹೋದೆ. ಇಬ್ಬನಿಗೆ ನೆನೆದ ಗಂಟು ಬಿಚ್ಚಲೇ ಇಲ್ಲ. ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದೆ, ಕ್ಯಾಪ್ಟನ್ ಸೀಟಿ ಊದಿಬಿಟ್ಟ. ಹನ್ನೊಂದು.

ಈಗ ಆಚೆ ದಡದಲ್ಲಿ ಜರ್ಮನರು ಬೆಂಕಿ ಹಾಕಿಕೊಂಡು ಹಾಡುತ್ತಿದ್ದಾರೆ. ಆ ಬೆಂಕಿ ಎಷ್ಟು ದೂರ ಅನ್ನೋದು ನನಗೆ ಬಾಯಿಪಾಠ. ನಮ್ಮವರೂ ಇಲ್ಲಿಂದ ಸಿಳ್ಳೆ ಹಾಕುತ್ತಿದ್ದಾರೆ, ದರಿದ್ರದವರು.

ಅಪ್ಪನಿಗೆ ಕಾಗದ ಬರೆಯಬೇಕು. ಏನಂತ ಬರೆಯಲಿ?

ಶೆಲ್ಲು ನನ್ನ ಕಂಬಳಿಯೊಳಗಿದೆ, ತಣ್ಣಗೆ. ಲೈಲ್‌ನ ಹೆಸರು ಅರ್ಧ ಅಳಿಸಿ ನನ್ನ ಅಂಗೈಗೆ ಹತ್ತಿದೆ. ತೊಳೆಯುವುದಿಲ್ಲ.