ಎರಡು ಸಲ ಅಚ್ಚಾದ ಪ್ಯಾರಾ

ಭಾನುವಾರ, ಮಾರ್ಚ್ ಹದಿನಾಲ್ಕು

ಅಮ್ಮಾ,

ನಿನ್ನ ಕಾಗದ ಶುಕ್ರವಾರವೇ ಬಂತು. ಫೋನಿನಲ್ಲಿ ಕೇಳಿದರೆ ನಾನು "ಹ್ಞೂಂ", "ಆಮೇಲೆ ಹೇಳ್ತೀನಿ" ಎಂದು ಜಾರಿಕೊಳ್ಳುತ್ತೇನೆಂದು ಗೊತ್ತಿದ್ದೇ ಬರೆದಿದ್ದೀಯ. ಸರಿ, ನಾನೂ ಬರೆಯುತ್ತೇನೆ.

ನಾನು ಕಳಿಸಿದ ಕಾದಂಬರಿಯನ್ನು ಔಷಧಿ ಅಂಗಡಿಯ ಕೌಂಟರಿನ ಕೆಳಗಿಟ್ಟುಕೊಂಡು, ಗಿರಾಕಿಗಳ ನಡುನಡುವೆ ಓದಿ ಮುಗಿಸಿದೆಯಂತೆ. ಕೆಮ್ಮು ಎಂದವರ ಕೈಗೆ ಹೊಟ್ಟೆನೋವಿನ ಮಾತ್ರೆ ಕೊಡಲು ಹೊರಟಿದ್ದೆಯಂತೆ. ಓದಿ ನಗು ಬಂತು, ಸ್ವಲ್ಪ ಭಯವೂ ಆಯಿತು.

ಇನ್ನೂರು ವರ್ಷದ ಹಿಂದೆ ಸೈನ್ಯಕ್ಕೆ ಡೇರೆ ಹೊಲಿಯುತ್ತಿದ್ದ ಇಬ್ಬರು ಹೆಂಗಸರ ಪ್ರೀತಿಯ ಕಥೆ. ನಿನಗೆ ಹಿಡಿಸುತ್ತದೋ ಇಲ್ಲವೋ ಎಂಬ ಅಳುಕಿತ್ತು. ಡೇರೆಯ ಬಟ್ಟೆ ದಪ್ಪ. ಒಬ್ಬಳು ಈಚೆಯಿಂದ ಸೂಜಿ ಚುಚ್ಚಬೇಕು, ಇನ್ನೊಬ್ಬಳು ಆಚೆಯಿಂದ ಎಳೆದು ಮತ್ತೆ ಈಚೆಗೆ ಚುಚ್ಚಬೇಕು. ದಿನವಿಡೀ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಆದರೂ ಇವತ್ತು ಅವಳ ಮನಸ್ಸು ಸರಿಯಿಲ್ಲ ಎನ್ನುವುದು ದಾರದ ಎಳೆತದಲ್ಲೇ ಇವಳಿಗೆ ತಿಳಿಯುತ್ತದೆ. ಆ ಭಾಗವನ್ನು ನೀನು ಎರಡನೇ ಸಲ ಓದಿದೆ ಎಂದಿದ್ದೀಯ. ನನಗೂ ಅದೇ ಇಷ್ಟ.

ಚಿಕ್ಕವಳನ್ನು ಧಾನ್ಯದ ವ್ಯಾಪಾರಿಗೆ ಕೊಟ್ಟು ಮದುವೆ ಮಾಡಿದ ಅವಳ ಅಮ್ಮನ ಮೇಲೆ ಮಾತ್ರ ನೀನು ಒಂದು ಪುಟದ ತುಂಬ ಹರಿಹಾಯ್ದಿದ್ದೀಯ. "ಹೆತ್ತವಳಂತೆ. ಎದುರಿಗೇ ಮಗಳು ಒಣಗಿ ಕಡ್ಡಿ ಆಗ್ತಿದ್ರೆ ಕಣ್ಣಿಗೇನು ಮಣ್ಣು ಬಿದ್ದಿತ್ತಾ?" ಅದರ ಕೆಳಗಿನ ಸಾಲಿನಲ್ಲೇ, ಹಲ್ಲಿನ ಡಾಕ್ಟರ ಮನೆಯವರು ಮದುವೆಯ ವಿಷಯಕ್ಕೆ ತಿಂಗಳ ಕೊನೆಯೊಳಗೆ ಉತ್ತರ ಕೇಳಿದ್ದಾರೆ, ಹ್ಞೂಂ ಎನ್ನಲೇ ಎಂದು ಕೇಳಿದ್ದೀಯ.

ಆಮೇಲೆ ಕೊನೆಯಲ್ಲಿ ಇನ್ನೊಂದು ಪ್ರಶ್ನೆ. "ಅಲ್ವೇ, ನಡುವೆ ಒಂದು ಪ್ಯಾರಾ ಎರಡು ಸಲ ಅಚ್ಚಾಗಿದೆ. ನೀನು ತಿದ್ದಿದ ಪುಸ್ತಕ ತಾನೆ ಇದು? ಅಕ್ಕೀಲಿ ಕಲ್ಲು ಹುಡುಕೋ ಕಣ್ಣು ನಿಂದು, ಅಷ್ಟು ದೊಡ್ಡದು ಹೇಗೆ ಕಾಣಲಿಲ್ಲ?"

ಈ ಕೊನೆಯ ಪ್ರಶ್ನೆಗೆ ಉತ್ತರ ಹೇಳಿದರೆ ಹಲ್ಲಿನ ಡಾಕ್ಟರಿಗೂ ಹೇಳಿದಂತಾಗುತ್ತದೆ.

ನಮ್ಮ ಪ್ರಕಾಶನದಲ್ಲಿ ಕರಡು ತಿದ್ದುವುದಕ್ಕೆ ಇಬ್ಬರು ಕೂರುತ್ತೇವೆ. ಒಬ್ಬಳು ಲೇಖಕರ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಾಳೆ, ಇನ್ನೊಬ್ಬಳು ಅಚ್ಚಿನ ಕರಡಿನ ಮೇಲೆ ಬೆರಳಿಟ್ಟು ಹೋಲಿಸುತ್ತಾ ಹೋಗುತ್ತಾಳೆ. ಓದುವವಳು ಚಿಹ್ನೆಗಳನ್ನೂ ಬಾಯಲ್ಲಿ ಹೇಳಬೇಕು. "ಅವಳು ಬಾಗಿಲಲ್ಲಿ ನಿಂತಳು ಪೂರ್ಣವಿರಾಮ ಹೊಸ ಪ್ಯಾರಾ" ಎಂಬ ಹಾಗೆ. ನಮ್ಮಲ್ಲಿ ಸಾವೂ ಮುತ್ತೂ ಒಂದೇ ರಾಗದಲ್ಲಿ ಸಾಗುತ್ತವೆ. ನನಗೆ ಓದುವವಳು ನೀನು "ಆ ಉದ್ದನೆ ಹುಡುಗಿ" ಎನ್ನುತ್ತೀಯಲ್ಲ, ಅವಳು. ನಾನು ರೂಮು ಬದಲಿಸಿದಾಗ ಬೀರುವನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತಿಸಿದವಳು.

ಆ ದಿನ ಬೆಳಿಗ್ಗೆ ಅವಳು ಓದುತ್ತಿದ್ದುದು ಮದುವೆಯ ಹಿಂದಿನ ದಿನದ ಪ್ಯಾರಾ. ಚಿಕ್ಕವಳು ದಾರ ಕತ್ತರಿಸದೆ ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು, ಆಚೆ ಬದಿಗೆ ಬಂದು ಮೊದಲ ಸಲ ದೊಡ್ಡವಳ ಎದುರು ನಿಂತು ಅಳುತ್ತಾಳಲ್ಲ, ಅದು. ಎರಡು ಸಾಲು ಕಳೆಯುವಷ್ಟರಲ್ಲಿ ಇವಳು ಪೂರ್ಣವಿರಾಮ ಹೇಳುವುದನ್ನು ಮರೆತಳು. ದನಿ ತಗ್ಗಿತು. ಏನಾಯಿತೆಂದು ನಾನು ತಲೆ ಎತ್ತಿದೆ. ಅವಳು ಆ ಪ್ಯಾರಾ ಮುಗಿಸಿ ಮುಂದಿನದಕ್ಕೆ ಹೋಗುವವರೆಗೂ ಮತ್ತೆ ಕರಡಿನ ಕಡೆಗೆ ನೋಡಲೇ ಇಲ್ಲ. ಅವಳ ಮುಂದಿನ ಹಲ್ಲೊಂದು ತುಸು ಓರೆ. ನಿನ್ನ ಡಾಕ್ಟರು ನೋಡಿದರೆ ನೆಟ್ಟಗೆ ಮಾಡಿಯಾರು. ನನಗೆ ಅದು ಹಾಗೇ ಇರಬೇಕು.

ಅಮ್ಮಾ, ಆ ಪ್ಯಾರಾ ಎರಡು ಸಲ ಇದ್ದದ್ದು ನನಗೆ ಕಾಣದೆ ಹೋದದ್ದು ಹೀಗೆ.

ಪುಸ್ತಕ ಬಂದ ಮೇಲೆ ನಮ್ಮ ಯಜಮಾನರು ಇಬ್ಬರನ್ನೂ ಕರೆದರು. "ಪಾಪದ ಹೆಂಗ್ಸು ಒಂದ್ಸಲ ಅತ್ರೆ ಸಾಕಾಗಿತ್ತಲ್ರಮ್ಮ, ಎರಡೆರಡು ಸಲ ಅಳ್ಸಿದೀರಲ್ಲ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅವಳು, "ನಾನೇ ಓದೋವಾಗ ತಪ್ಪಿದೆ ಸಾರ್" ಎಂದುಬಿಟ್ಟಳು. ಹೊರಗೆ ಬಂದು, "ಎರಡು ಸಲ ಅಳೋ ಅಂಥದ್ದೇ ಬಿಡು ಅದು" ಎಂದಳು.

ಇನ್ನು ಸುತ್ತಿ ಬಳಸುವುದಿಲ್ಲ. ನಾನು ಡಾಕ್ಟರನ್ನು ಮದುವೆಯಾಗುವುದಿಲ್ಲ. ಯಾವ ಗಂಡಸನ್ನೂ ಆಗುವುದಿಲ್ಲ. ಪುಸ್ತಕ ಓದಿ ತಲೆ ಕೆಟ್ಟಿದೆ ಎಂದುಕೊಳ್ಳಬೇಡ. ಹೈಸ್ಕೂಲಿನಲ್ಲಿ ಗೆಳತಿಯರು ಹುಡುಗರ ಮಾತು ಎತ್ತಿದಾಗಲೆಲ್ಲ ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಆಗಲೇ ಗೊತ್ತಿತ್ತು. ಪುಸ್ತಕ ಮಾಡಿದ್ದು ಇಷ್ಟೇ: ನನ್ನಂಥವರು ಮೊದಲೂ ಇದ್ದಿರಬೇಕು, ಅವರಿಗೂ ಒಂದು ಕೆಲಸ, ಒಂದು ಕೋಣೆ, ಒಂದಿಷ್ಟು ಸಿಟ್ಟು ಇದ್ದಿರಬೇಕು ಎಂದು ಅನ್ನಿಸುವಂತೆ ಮಾಡಿತು.

"ಆ ಕಾಲದಲ್ಲಿ ಹಾಗೆ ಇದ್ದರೂ ಇದ್ದಿರಬಹುದು ಬಿಡು" ಎಂದು ಬರೆದಿದ್ದೀಯ. ಇನ್ನೂರು ವರ್ಷ ದೂರ ಇರುವವರ ವಿಷಯದಲ್ಲಿ ಹಾಗೆನ್ನುವುದು ಸುಲಭ. ನಾನು ಬಸ್ಸಿನಲ್ಲಿ ಅರ್ಧ ದಿನದ ದೂರದಲ್ಲಿದ್ದೇನೆ. ಆದರೂ ಆ ಅಮ್ಮನ ಮೇಲೆ ನಿನಗೆ ಬಂದ ಸಿಟ್ಟನ್ನು ನೋಡಿಯೇ ನನಗೆ ಇಷ್ಟು ಬರೆಯುವ ಧೈರ್ಯ ಬಂದದ್ದು.

ಅವರ ಮನೆಗೆ ಇಲ್ಲ ಎಂದು ಹೇಳಿಬಿಡು. "ಇನ್ನೂ ಓದ್ತಾಳಂತೆ" ಎಂಬ ಸುಳ್ಳು ಬೇಡ. ಅವಳಿಗೆ ಮನಸ್ಸಿಲ್ಲ ಎಂದರೆ ಸಾಕು. ಶನಿವಾರ ಬರುತ್ತೇನೆ. ಬೈಯಬೇಕೆನ್ನಿಸಿದರೆ ಬೈಯಿ. ಮಾತು ಮಾತ್ರ ಬಿಡಬೇಡ.

ನಿನ್ನ
ಗುಮ್ಮನಗುಸುಕಿ

ತಾ.ಕ.: ಆ ಉದ್ದನೆ ಹುಡುಗಿಗೆ ಇದೊಂದೂ ಗೊತ್ತಿಲ್ಲ. ನಾಳೆ ಹೇಳಬೇಕೆಂದಿದ್ದೇನೆ. ಅವಳು ಏನೇ ಹೇಳಿದರೂ ಡಾಕ್ಟರಿಗೆ ನನ್ನ ಉತ್ತರ ಇದೇ. ನಿನಗೆ ಮೊದಲು ಯಾಕೆ ಬರೆದೆ ಅಂದರೆ, ಅವಳು ಒಲ್ಲೆ ಎಂದುಬಿಟ್ಟರೆ ಬಂದು ಅಳುವುದಕ್ಕೆ ನನಗೆ ನಿನ್ನ ಅಡುಗೆಮನೆಯೇ ಬೇಕು.